ಹಂಬಲದ ಹಾಡಿನಲ್ಲಿ ಇಲ್ಲದ ದನಿ

ಕಳೆದುಹೋದುದಕ್ಕಾಗಿ ಹಂಬಲಿಸುವುದು ಒಳ್ಳೆಯ ಗುಣವೋ, ದೌರ್ಬಲ್ಯವೋ? ಸಾಮಾನ್ಯವಾಗಿ ಯಾರೂ ಈ ಪ್ರಶ್ನೆಯನ್ನು ಎತ್ತುವುದಿಲ್ಲ. ಕೋಪಗೊಂಡವನನ್ನು ಏಕೆಂದು ಕೇಳುತ್ತೇವೆ. ಅಸೂಯೆಪಡುವವನಿಗೆ ಬುದ್ಧಿ ಹೇಳುತ್ತೇವೆ. ಆದರೆ ಹಳೆಯ ಪ್ರೀತಿಯನ್ನೋ ಹಳೆಯ ಕಾಲವನ್ನೋ ನೆನೆದು ಕಣ್ಣು ಒದ್ದೆ ಮಾಡಿಕೊಂಡವನ ಮುಂದೆ ನಾವೆಲ್ಲ ಸುಮ್ಮನಾಗುತ್ತೇವೆ. ದುಃಖದಲ್ಲಿರುವವನು ಸುಳ್ಳು ಹೇಳಲಾರ ಎಂಬ ನಂಬಿಕೆ ನಮ್ಮದು. ಈ ನಂಬಿಕೆ ಎಷ್ಟರ ಮಟ್ಟಿಗೆ ಸರಿ ಎಂಬುದನ್ನು ಸ್ವಲ್ಪ ನಿಂತು ನೋಡಬೇಕಾಗಿದೆ.

ಬೀದರ್ ತಾಲೂಕಿನ ಬಗದಲ್‌ನಂತಹ ಊರಿನಲ್ಲಿ ಹಂಬಲಕ್ಕೆ ಬರವಿಲ್ಲ. ಕನ್ನಡವೂ ದಖ್ಖನಿ ಉರ್ದುವೂ ಒಂದೇ ಓಣಿಯಲ್ಲಿ ಕೇಳಿಬರುವ, ತೆಲಂಗಾಣದ ಗಡಿ ದೂರವಿಲ್ಲದ ಸೀಮೆ ಇದು. ದುಡಿಮೆಗೆಂದು ಹೈದರಾಬಾದಿಗೆ ಹೋದವರು, ಕೊಲ್ಲಿ ರಾಷ್ಟ್ರಗಳಿಗೆ ಹೋದವರು, ಮದುವೆಯಾಗಿ ಜಹೀರಾಬಾದಿಗೋ ಭಾಲ್ಕಿಗೋ ಔರಾದಿಗೋ ಹೋದವರು ಇಲ್ಲಿನ ಹೆಚ್ಚಿನ ಮನೆಗಳಲ್ಲಿದ್ದಾರೆ. ಮದುವೆಯ ಊಟ ಮುಗಿದು ಹಿರಿಯರು ಒಂದೆಡೆ ಕುಳಿತರೆಂದರೆ ಯಾರಾದರೊಬ್ಬರು "ಕ್ಯಾ ಜಮಾನಾ ಥಾ ವೋ" ಎಂದು ಶುರು ಮಾಡುತ್ತಾರೆ. ಆ 'ಜಮಾನಾ' ಯಾವುದು? ಕೆಲವೊಮ್ಮೆ ಅದು ಅವರ ಸ್ವಂತ ಯೌವನ. ಕೆಲವೊಮ್ಮೆ, ಹೆಸರು ಹೇಳದ ಒಬ್ಬ ಹುಡುಗಿ. ಕೆಲವೊಮ್ಮೆ ಅದು ಅವರೇ ಸರಿಯಾಗಿ ಕಾಣದ, ಅಪ್ಪ ಅಜ್ಜಂದಿರಿಂದ ಕೇಳಿದ ನಿಜಾಮರ ಹೈದರಾಬಾದ್ ಸಂಸ್ಥಾನ. ಮೂರೂ ಒಂದೇ ನಿಟ್ಟುಸಿರಿನಲ್ಲಿ ಬೆರೆತು ಬರುವುದರಿಂದ ಯಾವುದು ಎಲ್ಲಿ ಮುಗಿಯಿತು, ಯಾವುದು ಎಲ್ಲಿ ಆರಂಭವಾಯಿತು ಎಂದು ಹೇಳುವುದು ಕಷ್ಟ.

ಇವುಗಳನ್ನು ಬಿಡಿಸಿ ನೋಡಲು ಬಹುದೂರದ ಹಾಡೊಂದು ನಮಗೆ ನೆರವಾಗುತ್ತದೆ. ಪ್ರೀತಿ, ಊರು, ಕಾಲ ಈ ಮೂರನ್ನೂ ಒಂದೇ ಹಗ್ಗದಲ್ಲಿ ಹೊಸೆದ ಹಾಡು ಅದು.

ಟ್ಯಾಂಗೋ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಸಿನಿಮಾಗಳಲ್ಲಿ ಕಂಡ ಒಂದು ನೃತ್ಯ. ಆದರೆ ಅರ್ಜೆಂಟೀನಾದ ಬ್ಯೂನಸ್ ಐರಿಸ್ ಮತ್ತು ಉರುಗ್ವೆಯ ಮಾಂಟೆವಿಡಿಯೋ ನಗರಗಳ ಜನರಿಗೆ ಅದು ಅಷ್ಟೇ ಮುಖ್ಯವಾಗಿ ಹಾಡು. 19ನೇ ಶತಮಾನದ ಕೊನೆಯಲ್ಲಿ ಇಟಲಿ, ಸ್ಪೇನ್‌ಗಳಿಂದ ಲಕ್ಷಾಂತರ ಬಡವರು ಹಡಗು ಹತ್ತಿ ಈ ಬಂದರುಗಳಿಗೆ ಬಂದಿಳಿದರು. ಅವರಲ್ಲಿ ಗಂಡಸರೇ ಹೆಚ್ಚು. ತಾಯಿ, ಹೆಂಡತಿ, ಊರು ಎಲ್ಲವೂ ಸಮುದ್ರದ ಆಚೆ ಉಳಿದುವು. ಅಲ್ಲಿ ಮೊದಲೇ ಇದ್ದ ಆಫ್ರಿಕಾ ಮೂಲದ ಗುಲಾಮರ ವಂಶಸ್ಥರ ತಾಳ, ಹುಲ್ಲುಗಾವಲಿನ ದನಗಾಹಿಗಳ ಪದ, ವಲಸಿಗರು ತಂದ ರಾಗ ಎಲ್ಲವೂ ಕೂಡಿ ಟ್ಯಾಂಗೋ ಹುಟ್ಟಿತು. ಅದರ ಮುಖ್ಯ ವಾದ್ಯವಾದ ಬ್ಯಾಂಡೋನಿಯನ್ ಜರ್ಮನಿಯಿಂದ ಬಂದದ್ದು. ಫ್ರಾನ್ಸ್‌ನಲ್ಲಿ ಹುಟ್ಟಿದ ಹಾರ್ಮೋನಿಯಂ ನಮ್ಮ ಕವ್ವಾಲಿ, ಗಜಲುಗಳ ಮನೆಯ ವಾದ್ಯವಾಯಿತಲ್ಲ, ಹಾಗೆಯೇ. ಗಾಳಿ ತುಂಬಿಕೊಂಡು ನಿಟ್ಟುಸಿರು ಬಿಡುವ ಈ ಎರಡು ಪೆಟ್ಟಿಗೆಗಳು ತಾವು ಹುಟ್ಟಿದ ನಾಡನ್ನು ಬಿಟ್ಟು ಪರನಾಡಿನ ವಿರಹಕ್ಕೆ ದನಿಯಾದದ್ದು ಒಂದು ಸೋಜಿಗ.

1917ರಲ್ಲಿ ಕಾರ್ಲೋಸ್ ಗಾರ್ಡೆಲ್ ಎಂಬ ಗಾಯಕ 'ಮಿ ನೋಚೆ ತ್ರಿಸ್ತೆ' (ನನ್ನ ದುಃಖದ ರಾತ್ರಿ) ಎಂಬ ಹಾಡನ್ನು ಧ್ವನಿಮುದ್ರಿಸಿದ. ಬರೆದವನು ಪಾಸ್ಕುವಲ್ ಕೊಂತುರ್ಸಿ. ಕಥೆ ಹೇಳುವ ಟ್ಯಾಂಗೋ ಹಾಡುಗಳ ಪರಂಪರೆ ಇಲ್ಲಿಂದ ಆರಂಭವಾಯಿತೆಂದು ಹೇಳುತ್ತಾರೆ. ಹೆಣ್ಣೊಬ್ಬಳು ಬಿಟ್ಟುಹೋದ ಮೇಲೆ ಗಂಡಸು ಖಾಲಿ ಕೋಣೆಯಲ್ಲಿ ಒಬ್ಬನೇ ಕುಳಿತಿದ್ದಾನೆ. ಕೋಣೆಯ ಕನ್ನಡಿ, ದೀಪ, ಕಪಾಟಿನಲ್ಲಿ ತೂಗುಹಾಕಿದ ಗಿಟಾರ್ ಎಲ್ಲವೂ ಅವನೊಂದಿಗೆ ಶೋಕಿಸುತ್ತವೆ. ಮುಂದಿನ ಮೂವತ್ತು ವರ್ಷಗಳ ಕಾಲ ಟ್ಯಾಂಗೋ ಸಾಹಿತ್ಯ ಈ ಕೋಣೆಯಿಂದ ಬಹುದೂರವೇನೂ ಹೋಗಲಿಲ್ಲ. 1926ರ 'ಕಮಿನಿತೊ'ದಲ್ಲಿ ಅವಳೊಂದಿಗೆ ನಡೆದ ಕಾಲುದಾರಿ ಮುಳ್ಳುಗಿಡ ಬೆಳೆದು ಅಳಿಸಿಹೋಗಿದೆ. ಗಾರ್ಡೆಲ್ ಮತ್ತು ಆಲ್ಫ್ರೆಡೊ ಲೆ ಪೆರಾ ಸೇರಿ ಮಾಡಿದ 'ವೊಲ್ವೆರ್' ಹಾಡಿನಲ್ಲಿ ಎಷ್ಟೋ ವರ್ಷಗಳ ನಂತರ ತಲೆ ನರೆತು ಊರಿಗೆ ಮರಳುವವನಿದ್ದಾನೆ. ಅವನಿಗೆ ತನ್ನ ಹಳೆಯ ಬದುಕನ್ನು ಎದುರುಗೊಳ್ಳುವುದೇ ಭಯ. ಇಬ್ಬರೂ 1935ರ ಜೂನ್ 24ರಂದು ಕೊಲಂಬಿಯಾದ ಮೆದೆಯಿನ್ ನಗರದಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಮರಳುವಿಕೆಯನ್ನು ಹಾಡಿದವರು ಮರಳಲಿಲ್ಲ.

'ಕಮಿನಿತೊ' ವಿಷಯದಲ್ಲಿ ಇನ್ನೊಂದು ಮಾತು. ಇಂದು ಬ್ಯೂನಸ್ ಐರಿಸ್‌ನ ಬೋಕಾ ಎಂಬ ಬಡಾವಣೆಯಲ್ಲಿ ಅದೇ ಹೆಸರಿನ ಬೀದಿಯೊಂದಿದೆ. ಬಣ್ಣಬಣ್ಣದ ಮನೆಗಳ ಎದುರು ಪ್ರವಾಸಿಗರು ಫೋಟೋ ತೆಗೆಸಿಕೊಳ್ಳುತ್ತಾರೆ. ಆದರೆ ಕವಿ ಬರೆದದ್ದು ಅಲ್ಲಿಂದ ಬಹುದೂರದ, ಲಾ ರಿಯೋಜಾ ಪ್ರಾಂತ್ಯದ ಹಳ್ಳಿ ದಾರಿಯನ್ನು. ಹಂಬಲಕ್ಕೆ ವಿಳಾಸ ಮುಖ್ಯವಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಈ ಹಾಡುಗಳ ಸೊಗಸನ್ನು ನಾವು ಅಲ್ಲಗಳೆಯುವುದಿಲ್ಲ. 2009ರಲ್ಲಿ ಯುನೆಸ್ಕೋ ಟ್ಯಾಂಗೋವನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಸುಮ್ಮನೆ ಅಲ್ಲ. ಭಾಷೆ ತಿಳಿಯದವರ ಎದೆಯನ್ನೂ ಅವು ಹಿಂಡುತ್ತವೆ. ಆದರೆ ಒಂದೊಂದಾಗಿ ಹಾಡುಗಳ ಅರ್ಥ ತಿಳಿದುಕೊಳ್ಳುತ್ತ ಹೋದರೆ ಒಂದು ಸಂಗತಿ ನಮ್ಮನ್ನು ಚುಚ್ಚತೊಡಗುತ್ತದೆ. ಅವಳು ಏಕೆ ಹೋದಳು ಎಂದು ಹಾಡು ಕೇಳುವುದೇ ಇಲ್ಲ. ಹಾಗೊಮ್ಮೆ ಕಾರಣ ಹೇಳಿದರೂ ಅದು ಆರೋಪವಾಗಿರುತ್ತದೆ: ಪೇಟೆಯ ಥಳುಕಿಗೆ ಮರುಳಾದಳು, ರೇಷ್ಮೆಯ ಆಸೆಗೆ ಬಿದ್ದಳು, ದುಡ್ಡಿದ್ದವನ ಹಿಂದೆ ಹೋದಳು. ಆ ಕೋಣೆಯಲ್ಲಿ ಅವಳು ಹೇಗೆ ಬದುಕಿದ್ದಳು? ಅವಳ ಮೇಲೆ ಕೈ ಎತ್ತಲಾಗಿತ್ತೇ? ಹಸಿದಿದ್ದಳೇ? ಗಿಟಾರ್ ಶೋಕಿಸುತ್ತದೆ, ಕನ್ನಡಿ ಶೋಕಿಸುತ್ತದೆ. ಕೋಣೆಯ ನಿರ್ಜೀವ ವಸ್ತುಗಳಿಗೆಲ್ಲ ನಾಲಗೆ ಇದೆ, ಅವಳೊಬ್ಬಳಿಗೆ ಇಲ್ಲ.

ಇದು ದಕ್ಷಿಣ ಅಮೆರಿಕದ ಗಂಡಸರದೊಂದೇ ಚಾಳಿಯೆಂದು ತಿಳಿಯಬೇಕಾಗಿಲ್ಲ. ಲೈಲಾ ಮಜ್ನೂನರ ಬಗ್ಗೆ ಸೂಫಿಗಳು ಹೇಳುವ ಕಥೆಯೊಂದಿದೆ. ಮರುಭೂಮಿಯಲ್ಲಿ ಅವಳ ಹೆಸರನ್ನೇ ಜಪಿಸುತ್ತ ಅಲೆಯುತ್ತಿದ್ದ ಮಜ್ನೂನನ ಬಳಿಗೆ ಒಂದು ದಿನ ಸ್ವತಃ ಲೈಲಾ ಬರುತ್ತಾಳೆ. ಅವನು, ನಿನ್ನ ಪ್ರೇಮದಲ್ಲಿ ಮುಳುಗಿರುವ ನನಗೆ ನಿನ್ನೊಂದಿಗೆ ಮಾತನಾಡಲು ಪುರುಸೊತ್ತಿಲ್ಲ ಎಂಬರ್ಥದ ಮಾತು ಹೇಳಿ ಅವಳನ್ನು ಕಳುಹಿಸಿಬಿಡುತ್ತಾನೆ. ರೂಪವನ್ನು ದಾಟಿದ ಪ್ರೇಮಕ್ಕೆ ಇದನ್ನು ಉದಾಹರಣೆಯಾಗಿ ಹೇಳುವುದುಂಟು. ಆ ಅಧ್ಯಾತ್ಮದ ಅರ್ಥ ಅದರ ಜಾಗದಲ್ಲಿ ಇರಲಿ. ಆದರೆ ಅಷ್ಟು ದೂರ ನಡೆದು ಬಂದ ಲೈಲಾ ಏನು ಹೇಳಬೇಕೆಂದು ಬಂದಿದ್ದಳು? ಆ ಕಥೆ ಕೇಳಿದವರು ಅವಳ ಮರಳು ದಾರಿಯ ಬಗ್ಗೆ ಯೋಚಿಸಿದ್ದು ಕಡಿಮೆ. ಎದುರಿಗೆ ನಿಂತ ಮನುಷ್ಯಳಿಗಿಂತ ಮನಸ್ಸಿನಲ್ಲಿರುವ ಅವಳ ಚಿತ್ರ ಹೆಚ್ಚು ಅನುಕೂಲ. ಚಿತ್ರ ಎದುರು ಮಾತನಾಡುವುದಿಲ್ಲ, ಮುಪ್ಪಾಗುವುದಿಲ್ಲ, ತನ್ನ ಪಾಲಿನ ದೂರನ್ನು ಹೇಳುವುದಿಲ್ಲ.

ಹಾಗಾದರೆ ಕಳೆದುಕೊಂಡವರನ್ನು ನೆನೆಯುವುದೇ ತಪ್ಪೇ? ಖಂಡಿತ ಅಲ್ಲ. ಪ್ರವಾದಿವರ್ಯರ (ಸ) ಜೀವನದಲ್ಲಿ ಇದಕ್ಕೆ ಹೃದಯಸ್ಪರ್ಶಿ ನಿದರ್ಶನವಿದೆ. ಪತ್ನಿ ಖದೀಜಾ (ರ) ತೀರಿಕೊಂಡು ವರ್ಷಗಳೇ ಕಳೆದ ನಂತರವೂ ಅವರು ಅವರನ್ನು ಮತ್ತೆ ಮತ್ತೆ ಸ್ಮರಿಸುತ್ತಿದ್ದರು. ಎಷ್ಟೆಂದರೆ, ತಾವು ಕಣ್ಣಾರೆ ಕಾಣದ ಆ ಹಿರಿಯ ಮಹಿಳೆಯ ಬಗ್ಗೆ ತಮಗೆ ಆಗುತ್ತಿದ್ದಷ್ಟು ಮತ್ಸರ ಬೇರಾರ ಬಗ್ಗೆಯೂ ಆಗಲಿಲ್ಲವೆಂದು ಆಯಿಶಾ (ರ) ಅವರೇ ಹೇಳಿದ್ದಾರೆ. ಇಲ್ಲಿ ಎರಡು ಸಂಗತಿಗಳು ಗಮನಾರ್ಹ. ಮೊದಲನೆಯದಾಗಿ, ಆ ಸ್ಮರಣೆಯಲ್ಲಿ ಬರುತ್ತಿದ್ದುದು 'ಅವಳಿಲ್ಲದೆ ನನಗೇನಾಯಿತು' ಎಂಬುದಲ್ಲ. ಜನರೆಲ್ಲ ತಿರಸ್ಕರಿಸಿದಾಗ ಅವರು ನಂಬಿದರು, ಜನರು ಕೈಬಿಟ್ಟಾಗ ತಮ್ಮ ಸಂಪತ್ತನ್ನು ನೀಡಿ ನೆರವಾದರು ಎಂದು, ಖದೀಜಾ ಏನು ಮಾಡಿದರು ಎಂಬುದೇ ಬರುತ್ತಿತ್ತು. ಎರಡನೆಯದಾಗಿ, ಮನೆಯಲ್ಲಿ ಆಡು ಕೊಯ್ದಾಗ ಅದರ ಪಾಲನ್ನು ಖದೀಜಾರ ಗೆಳತಿಯರ ಮನೆಗಳಿಗೆ ಕಳುಹಿಸಲಾಗುತ್ತಿತ್ತು. ನೆನಪು ನಿಟ್ಟುಸಿರಾಗಿ ಗಾಳಿಯಲ್ಲಿ ಕರಗಲಿಲ್ಲ. ಅದಕ್ಕೆ ಒಂದು ಮನೆಯ ಬಾಗಿಲು ಗೊತ್ತಿತ್ತು, ಆ ಬಾಗಿಲ ಹಿಂದಿನವಳ ಹೆಸರು ಗೊತ್ತಿತ್ತು.

ನಾವು ಹೇಳಬೇಕೆಂದಿರುವುದು ಈ ವ್ಯತ್ಯಾಸವನ್ನೇ. ಕಳೆದುಕೊಂಡವನು ತನ್ನ ಗಾಯವನ್ನೇ ತೋರಿಸುತ್ತಿರಬಹುದು. ಅಥವಾ ಹೋದವರು ಯಾರಾಗಿದ್ದರು, ಏನು ಮಾಡಿದರು, ಅವರಿಗೆ ನಮ್ಮಿಂದ ಏನು ಬಾಕಿ ಉಳಿಯಿತು ಎಂದು ಹೇಳಬಹುದು. ಮೊದಲನೆಯದಕ್ಕೆ ಹೋದವರು ಮೂಕರಾಗಿದ್ದರೆ ಸಾಕು. ಎರಡನೆಯದಕ್ಕೆ ಅವರು ಮಾತನಾಡಬೇಕು.

ಮೂಕಳಾಗಿ ಇರಲೊಪ್ಪದವಳು ನಮ್ಮ ಕನ್ನಡದಲ್ಲಿ ಬಹಳ ಹಿಂದೆಯೇ ಇದ್ದಾಳೆ. ಮನೆಬಿಟ್ಟು ಹೋಗುವವಳು ಹೆಣ್ಣೇ, ಹಾಡುವವಳೂ ಅವಳೇ. 1931ರಲ್ಲಿ ಹಲಸಂಗಿ ಗೆಳೆಯರು 'ಗರತಿಯ ಹಾಡು' ಸಂಗ್ರಹವನ್ನು ಹೊರತಂದರು. ಮಧುರಚೆನ್ನ, ಸಿಂಪಿ ಲಿಂಗಣ್ಣನವರ ಜೊತೆಗೆ ಧೂಲಾಸಾಹೇಬರೂ ಆ ಗೆಳೆಯರಲ್ಲೊಬ್ಬರು ಎಂಬುದನ್ನು ಇಂದಿನ ದಿನಗಳಲ್ಲಿ ನೆನಪಿಸುವುದು ಅಗತ್ಯ. ಬೀಸುವ ಕಲ್ಲಿನ ಮುಂದೆ ಹುಟ್ಟಿದ ಆ ಪದಗಳಲ್ಲಿ ತವರಿನ ಹಂಬಲ ತುಂಬಿ ತುಳುಕುತ್ತದೆ. ಆದರೆ ಗರತಿ ತವರನ್ನು ಬರಿದೆ ಹೊಗಳಿ ಸುಮ್ಮನಾಗುವವಳಲ್ಲ. ತಾಯಿ ತೀರಿದ ಮೇಲೆ ತವರಿನ ಬಾಗಿಲು ಹೇಗೆ ಬದಲಾಗುತ್ತದೆ, ಅಣ್ಣನ ಹೆಂಡತಿಯ ಮುಖ ಹೇಗಿರುತ್ತದೆ, ಅಣ್ಣನೇ ಹೇಗೆ ಹೊರಗಿನವನಾಗುತ್ತಾನೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಹಂಬಲಿಸುತ್ತಾಳೆ. ಟ್ಯಾಂಗೋದ ಗಂಡಸಿನ ದುಃಖಕ್ಕಿಂತ ಈ ದುಃಖ ನಮಗೆ ಹೆಚ್ಚು ವಿಶ್ವಾಸಾರ್ಹವಾಗಿ ಕಾಣುವುದು ಇದಕ್ಕಾಗಿ. ದಖ್ಖನಿನ ಸೂಫಿಗಳು ಜನರ ನಡುವೆ ಮಾತನಾಡಲು ಆರಿಸಿಕೊಂಡದ್ದೂ ಇದೇ ಬೀಸುವ ಕಲ್ಲಿನ ಧಾಟಿಯನ್ನು. 'ಚಕ್ಕಿನಾಮಾ' ಎಂದು ಕರೆಯುವ ಅವರ ಪದಗಳು ಬಿಜಾಪುರದ ಸೀಮೆಯಲ್ಲಿ ಹೆಂಗಸರ ಬಾಯಲ್ಲಿ ಉಳಿದವು. ದಖ್ಖನಿ ಕಾವ್ಯದಲ್ಲಿಯೂ ವಿರಹದ ಮಾತು ಹಲವೊಮ್ಮೆ ಹೆಣ್ಣಿನ ಬಾಯಿಂದಲೇ ಬರುತ್ತದೆ. ಮುಂದೆ ಉರ್ದು ಗಜಲಿನಲ್ಲಿ ಗಂಡು ದನಿಯೇ ಗಟ್ಟಿಯಾಯಿತು. ಹೈದರಾಬಾದಿನ ಮಾಹ್ ಲಖಾ ಬಾಯಿ ಚಂದಾ (1768-1824) ತನ್ನದೇ ಗಜಲುಗಳ ದಿವಾನ್ ಬಿಟ್ಟುಹೋದ ಮೊದಲ ಮಹಿಳೆಯರಲ್ಲಿ ಒಬ್ಬಳು. ಮೆಹಫಿಲಿನಲ್ಲಿ ಇತರರ ಹಾಡಿಗೆ ವಸ್ತುವಾಗಬೇಕಾಗಿದ್ದವಳು ತಾನೇ ಲೇಖನಿ ಹಿಡಿದಳು.

ನಮ್ಮ ಕಾಲಕ್ಕೆ ಇನ್ನೂ ಹತ್ತಿರದ ಉದಾಹರಣೆ ಕೇರಳದ್ದು. 1970ರ ದಶಕದಲ್ಲಿ ಎಸ್.ಎ. ಜಮೀಲ್ ಎಂಬ ಮಾಪಿಳ್ಳೆ ಕವಿ 'ದುಬೈ ಕತ್ತು ಪಾಟ್ಟು' ಎಂಬ ಪತ್ರದ ಹಾಡು ಕಟ್ಟಿದರು. ಕೊಲ್ಲಿಯಲ್ಲಿ ದುಡಿಯುವ ಗಂಡನಿಗೆ ಊರಿನಲ್ಲಿರುವ ಹೆಂಡತಿ ಬರೆಯುವ ಪತ್ರ ಅದು. ಹಣ ಬರುತ್ತದೆ, ಚಿನ್ನ ಬರುತ್ತದೆ, ನೀವು ಬರುವುದಿಲ್ಲ ಎಂಬುದು ಅದರ ಒಡಲು. ಕರಾವಳಿಯ ನಮ್ಮ ಓದುಗರಲ್ಲಿ ಹಿರಿಯರಿಗೆ ಆ ಕ್ಯಾಸೆಟ್ ನೆನಪಿರಬಹುದು. ಜಮೀಲ್ ಅಷ್ಟಕ್ಕೇ ನಿಲ್ಲಿಸಲಿಲ್ಲ. ಗಂಡನ ಉತ್ತರವನ್ನೂ ಹಾಡಾಗಿಸಿದರು. ಹೀಗೆ ವಿರಹಕ್ಕೆ ಎರಡು ಬದಿಗಳು ಸಿಕ್ಕವು, ಒಬ್ಬರ ಗಾಯವನ್ನು ಮತ್ತೊಬ್ಬರು ಓದಿದರು. ಇಂದು ಬಗದಲ್‌ನ ಮನೆಗಳಲ್ಲಿ ಪತ್ರದ ಜಾಗಕ್ಕೆ ಮೊಬೈಲ್ ಬಂದಿದೆ. ದಮ್ಮಾಮಿನಲ್ಲೋ ದುಬೈಯಲ್ಲೋ ಇರುವ ಮಗನ ಮುಖ ದಿನಾ ಕಾಣುತ್ತದೆ. ಅಲ್ಲಿನ ಕೋಣೆಯಲ್ಲಿ ಅವನು ಹಳೆಯ ಗಜಲ್ ಕೇಳುತ್ತ ಊರನ್ನು ನೆನೆಯುತ್ತಾನೆ; ಅವನ ನೆನಪಿನ ಊರಿನಲ್ಲಿ ಹೆಂಡತಿ ಸದಾ ಬಾಗಿಲಲ್ಲಿ ಕಾಯುತ್ತ ನಿಂತಿರುತ್ತಾಳೆ. ನಿಜವಾದ ಹೆಂಡತಿ ಬ್ಯಾಂಕಿನ ಸಾಲಿನಲ್ಲಿ, ಮಗುವಿನ ಶಾಲೆಯಲ್ಲಿ, ಅತ್ತೆಯ ಔಷಧಿಗಾಗಿ ಬೀದರ್ ಬಸ್ಸಿನಲ್ಲಿ ಇರುತ್ತಾಳೆ. ಅವಳ ದಿನ ಹೇಗೆ ಕಳೆಯಿತೆಂದು ಕೇಳಿದರೆ ಹಂಬಲ ಕಡಿಮೆಯಾಗುವುದಿಲ್ಲ, ಅದಕ್ಕೊಂದು ಮುಖ ಬರುತ್ತದೆ.

ಇಲ್ಲಿಯವರೆಗೆ ವ್ಯಕ್ತಿಯ ಮಾತಾಯಿತು. ಸಮುದಾಯಗಳೂ ಹೀಗೆಯೇ ಹಂಬಲಿಸುತ್ತವೆ. ಆಗ ಪ್ರಶ್ನೆ ಹೆಚ್ಚು ಗಂಭೀರವಾಗುತ್ತದೆ.

ಇಸ್ಲಾಮಿಗೆ ಮುಂಚಿನ ಅರಬ್ ಕವಿ ಇಮ್ರುಲ್ ಖೈಸ್ ತನ್ನ ಪ್ರಸಿದ್ಧ ಕಾವ್ಯವನ್ನು ಆರಂಭಿಸುವುದೇ ಪ್ರಿಯತಮೆಯ ಬಿಡಾರ ಇದ್ದ ಜಾಗದಲ್ಲಿ ಸಂಗಾತಿಗಳನ್ನು ನಿಲ್ಲಿಸಿ ಅಳುವುದರಿಂದ. ಅಂದಿನಿಂದ ಪ್ರೇಮ ಮತ್ತು ಪಾಳುಭೂಮಿ ಜೋಡಿಯಾದವು. ಬೀದರಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. 1472ರ ಮಹಮೂದ್ ಗವಾನನ ಮದ್ರಸಾದ ಅರ್ಧ ಮುರಿದ ಮುಖ, ಅಷ್ಟೂರಿನ ಗುಂಬಜುಗಳು ಅವರ ಕಣ್ಣೆದುರಿಗೇ ಇವೆ. 15ನೇ ಶತಮಾನದಲ್ಲಿ ಇದೇ ಬೀದರಿನಲ್ಲಿ ನಿಜಾಮಿ ಎಂಬ ಕವಿ 'ಕದಮ್ ರಾವ್ ಪದಮ್ ರಾವ್' ಎಂಬ ಕಥನಕಾವ್ಯ ಬರೆದ. ದಖ್ಖನಿಯಲ್ಲಿ ಉಳಿದುಬಂದಿರುವ ಅತ್ಯಂತ ಹಳೆಯ ದೀರ್ಘ ಕಾವ್ಯವದು. ಅದರ ಹಸ್ತಪ್ರತಿ ಇರುವುದು ಕರಾಚಿಯಲ್ಲಿ. ಅಲ್ಲಿ 1973ರಲ್ಲಿ ಜಮೀಲ್ ಜಾಲಿಬಿ ಅದನ್ನು ಸಂಪಾದಿಸಿ ಪ್ರಕಟಿಸಿದರು. ದಖ್ಖನಿನ ಮತ್ತೊಬ್ಬ ಕವಿ ವಲಿ (1667-1707) ಗುಜರಾತಿನಿಂದ ಅಗಲಬೇಕಾದ ನೋವನ್ನು ಕುರಿತು ಒಂದು ಕವಿತೆಯನ್ನೇ ಬರೆದ, ಪ್ರಿಯತಮೆಯನ್ನು ಅಗಲಿದಂತೆ. ಅವನು ಮಣ್ಣಾದದ್ದು ಅಹಮದಾಬಾದಿನಲ್ಲಿ. 2002ರ ಮಾರ್ಚ್ ಆರಂಭದಲ್ಲಿ ಗಲಭೆಕೋರರು ಅವನ ಸಮಾಧಿಯನ್ನು ನೆಲಸಮ ಮಾಡಿದರು, ಕೆಲವೇ ದಿನಗಳಲ್ಲಿ ಅದರ ಮೇಲೆ ಡಾಂಬರು ರಸ್ತೆ ಹಾಸಲಾಯಿತು. ತನ್ನನ್ನು ಅಷ್ಟು ಪ್ರೀತಿಸಿದವನ ಗುರುತನ್ನು ಊರು ಅಳಿಸಿತು. ಇಂತಹ ಕಡೆ ಅಗಲಿಕೆಯನ್ನು ಹಾಡುವುದು ದೌರ್ಬಲ್ಯವಲ್ಲ, ನಡೆದದ್ದು ನಡೆದಿದೆ ಎಂದು ಹೇಳುವ ಸಾಕ್ಷಿ.

ಆದರೆ ಎಲ್ಲ ಸಾಮೂಹಿಕ ಹಂಬಲಗಳೂ ಇಷ್ಟು ಸ್ವಚ್ಛವಾಗಿರುವುದಿಲ್ಲ. 1948ರಲ್ಲಿ ಹೊಮೆರೋ ಮಾನ್ಸಿ ಎಂಬ ಕವಿ, ಅನಿಬಾಲ್ ತ್ರೊಯಿಲೊನ ಸಂಗೀತಕ್ಕೆ, ಬ್ಯೂನಸ್ ಐರಿಸ್‌ನ ದಕ್ಷಿಣ ಬಡಾವಣೆಗಳನ್ನು ಕುರಿತು 'ಸುರ್' ಎಂಬ ಟ್ಯಾಂಗೋ ಬರೆದ. ಹಳೆಯ ಕೇರಿಯೂ ಬದಲಾಯಿತು, ಪ್ರೀತಿಯೂ ಹೋಯಿತು ಎಂಬುದು ಅದರ ಅಳಲು. ಅದೇ 1948ರ ಸೆಪ್ಟೆಂಬರಿನಲ್ಲಿ ಭಾರತದ ಸೇನೆ ಹೈದರಾಬಾದ್ ಸಂಸ್ಥಾನವನ್ನು ಪ್ರವೇಶಿಸಿತು. ಬೀದರಿನ ಜನ ಇಂದಿಗೂ ಅದನ್ನು 'ಪೊಲೀಸ್ ಆಕ್ಷನ್' ಎಂದೇ ಕರೆಯುತ್ತಾರೆ. ಸೆಪ್ಟೆಂಬರ್ 17ಕ್ಕೆ ನಿಜಾಮರು ಶರಣಾದರು. 1956ರಲ್ಲಿ ಸಂಸ್ಥಾನವೇ ಹರಿದು ಹಂಚಿಹೋಯಿತು. ಬೀದರ್ ಜಿಲ್ಲೆಯ ಉದಗೀರ, ನಿಲಂಗಾ ಒಂದು ಕಡೆಗೆ, ಜಹೀರಾಬಾದ್, ನಾರಾಯಣಖೇಡ್ ಇನ್ನೊಂದು ಕಡೆಗೆ ಸೇರಿದವು. ಭಾಲ್ಕಿ, ಔರಾದಗಳು ಮೈಸೂರು ರಾಜ್ಯಕ್ಕೆ ಬಂದವು. ನಿನ್ನೆಯವರೆಗೆ ಒಂದೇ ಜಿಲ್ಲೆಯಾಗಿದ್ದ ನೆಂಟರ ನಡುವೆ ರಾಜ್ಯದ ಗಡಿಗಳು ಬಂದವು.

ಹೀಗಿರುವಾಗ ಹಳೆಯ ಹೈದರಾಬಾದನ್ನು ನೆನೆಯುವವರ ದುಃಖದಲ್ಲಿ ಸತ್ಯವಿಲ್ಲವೇ? ಇದೆ. ಪಂಡಿತ ಸುಂದರಲಾಲ್ ನೇತೃತ್ವದ ಸಮಿತಿ ಪೊಲೀಸ್ ಆಕ್ಷನ್‌ನ ನಂತರ ಸಂಸ್ಥಾನದಲ್ಲಿ ಸಂಚರಿಸಿ, ಒಟ್ಟು 27 ಸಾವಿರದಿಂದ 40 ಸಾವಿರ ಜನ ಸತ್ತಿರಬಹುದೆಂದು ಅಂದಾಜು ಮಾಡಿತು. ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್ ಈ ನಾಲ್ಕು ಜಿಲ್ಲೆಗಳಲ್ಲಿಯೇ 18 ಸಾವಿರಕ್ಕೆ ಕಡಿಮೆಯಿಲ್ಲ ಎಂದಿತು. ಸತ್ತವರಲ್ಲಿ ಬಹುಪಾಲು ಮುಸ್ಲಿಮರು. ಈ ವರದಿ ಬಹುಕಾಲ ಬೆಳಕು ಕಾಣಲಿಲ್ಲ; 2013ರ ಸುಮಾರಿಗಷ್ಟೇ ಜನರ ಕೈಗೆಟುಕಿತು. ಅರವತ್ತಕ್ಕೂ ಹೆಚ್ಚು ವರ್ಷ ಸತ್ತವರ ಹೆಸರಿನಲ್ಲಿ ಬಹಿರಂಗವಾಗಿ ಅಳುವುದಕ್ಕೂ ಅವಕಾಶವಿಲ್ಲದ ಮನೆಗಳು ತಮ್ಮ ಅಳಲನ್ನು ಬೇರೆ ಮಾತಿನಲ್ಲಿ ಹೇಳಿಕೊಂಡವು. 'ಕ್ಯಾ ಜಮಾನಾ ಥಾ' ಎಂಬುದು ಹಲವು ಮನೆಗಳಲ್ಲಿ ಹಾಗೆ ಹುಟ್ಟಿದ ಮಾತು. ಅಣ್ಣನನ್ನು ಕಳೆದುಕೊಂಡೆ ಎನ್ನಲಾಗದವನು ಕಾಲವನ್ನು ಕಳೆದುಕೊಂಡೆ ಎಂದ.

ಆದರೆ ಅದೇ ವರದಿಯಲ್ಲಿ ಇನ್ನೊಂದು ಮಾತೂ ಇದೆ. ಈ ನಾಲ್ಕು ಜಿಲ್ಲೆಗಳೇ ರಜಾಕಾರರ ಪ್ರಬಲ ನೆಲೆಗಳಾಗಿದ್ದವು, ಅವರ ಕೈಯಲ್ಲಿ ಅತಿ ಹೆಚ್ಚು ನೊಂದವರೂ ಇಲ್ಲಿನ ಜನರೇ ಎಂದು ಅದು ಹೇಳುತ್ತದೆ. 1948ರ ಮೇ ತಿಂಗಳಿನಲ್ಲಿ ಬಸವಕಲ್ಯಾಣದ ಕಡೆಯ ಗೋರಟಾದಲ್ಲಿ ನಡೆದ ಕಗ್ಗೊಲೆಯನ್ನು ಆ ಊರು ಮರೆತಿಲ್ಲ. ರಜಾಕಾರರಿಗೂ ಮುಂಚೆ ಇದ್ದ ಜಹಗೀರು, ಬಿಟ್ಟಿ ಚಾಕರಿ, ಬರಿಗಾಲಲ್ಲಿ ಗಢಿಯ ಮುಂದೆ ಹಾದುಹೋಗಬೇಕಾಗಿದ್ದ ಬದುಕು, ಇವನ್ನು ಅನುಭವಿಸಿದವರಿಗೆ ಆ ಜಮಾನಾ ಯಾವ ಹಾಡು? ಸಂಸ್ಥಾನದ ಹೊಗಳಿಕೆಯಲ್ಲಿ ಅವರು ಟ್ಯಾಂಗೋದ ಆ ಹೆಣ್ಣಿನಂತೆಯೇ ಮೂಕರು. ಅತ್ತರಿನ ಪರಿಮಳ, ಮುಷಾಯರಾದ ರಾತ್ರಿಗಳು, ಉರ್ದುವಿನ ನಯ ಎಲ್ಲವೂ ಶೋಕಿಸುತ್ತವೆ. ಆ ಹವೇಲಿಗೆ ನೀರು ಹೊತ್ತವನ ನಾಲಗೆ ಮಾತ್ರ ಹಾಡಿನೊಳಗೆ ಬರುವುದಿಲ್ಲ.

ಇದರ ತಿರುವೂ ಅಷ್ಟೇ ನಿಜ. ಪ್ರತಿ ವರ್ಷ ಸೆಪ್ಟೆಂಬರ್ 17ರಂದು ವಿಮೋಚನಾ ದಿನ ಆಚರಿಸಲಾಗುತ್ತದೆ. 2019ರಲ್ಲಿ ಈ ಪ್ರದೇಶಕ್ಕೆ ಕಲ್ಯಾಣ ಕರ್ನಾಟಕವೆಂದು ಹೆಸರಿಡಲಾಯಿತು. ನಿಜಾಮರ ಆಳ್ವಿಕೆ ಮುಗಿದದ್ದಕ್ಕೆ ಸಂತೋಷಪಡಲು ರೈತನಿಗೆ ಸಂಪೂರ್ಣ ಹಕ್ಕಿದೆ. ಆದರೆ ಆ ವೇದಿಕೆಗಳ ಮೇಲೆ ಆ ಸೆಪ್ಟೆಂಬರಿನಲ್ಲಿ ಸತ್ತ ಸಾಮಾನ್ಯ ಜನರ ಮಾತು ಬರುವುದು ಅಪರೂಪ. ಅವರಲ್ಲಿ ಬಹುತೇಕರು ನಿಜಾಮರೂ ಅಲ್ಲ, ರಜಾಕಾರರೂ ಅಲ್ಲ. ನೇಕಾರರು, ಕೂಲಿಕಾರರು, ಸಣ್ಣ ರೈತರು. ಸಂತೋಷದ ಹಾಡಿನಲ್ಲಿಯೂ ಒಬ್ಬರನ್ನು ಮೂಕರಾಗಿಸಬಹುದು.

ದುಃಖವನ್ನೂ ನ್ಯಾಯವನ್ನೂ ಒಟ್ಟಿಗೆ ಹಿಡಿದವರು ಇರಲಿಲ್ಲವೇ? ಮಖ್ದೂಮ್ ಮೊಹಿಯುದ್ದೀನ್ (1908-1969) ನಮಗೆ ತಕ್ಷಣ ನೆನಪಾಗುತ್ತಾರೆ. ಬೀದರಿಗೆ ದೂರವಲ್ಲದ, ಅಂದಿನ ಮೇದಕ್ ಜಿಲ್ಲೆಯ ಅಂದೋಲದಲ್ಲಿ ಹುಟ್ಟಿದ ಈ ಉರ್ದು ಕವಿ ಕಳೆದ ಪ್ರೀತಿಯ ಬಗ್ಗೆ ಅತ್ಯಂತ ಕೋಮಲವಾದ ಸಾಲುಗಳನ್ನು ಬರೆದವರು. ಮಲ್ಲಿಗೆಯ ಚಪ್ಪರದ ಕೆಳಗಿನ ಪ್ರೇಮಿಗಳ ಕುರಿತ ಅವರ ಕವಿತೆ 1964ರ 'ಚ ಚ ಚ' ಹಿಂದಿ ಸಿನಿಮಾದಲ್ಲಿ ಹಾಡಾಯಿತು. ಅದೇ ಮಖ್ದೂಮ್ ನಿಜಾಮರ ಆಳ್ವಿಕೆಯ ವಿರುದ್ಧ ತೆಲಂಗಾಣದ ರೈತರ ಜೊತೆ ನಿಂತ ಕಮ್ಯುನಿಸ್ಟ್ ನಾಯಕ, ಸೆರೆಮನೆ ಕಂಡವರು. ಕಳೆದ ಪ್ರೀತಿಗಾಗಿ ಅವರು ಅತ್ತರು, ಕಳೆದ ಸಿಂಹಾಸನಕ್ಕಾಗಿ ಅಳಲಿಲ್ಲ. ಉರ್ದುವನ್ನು ಪ್ರೀತಿಸಲು ಅವರಿಗೆ ನಿಜಾಮರು ಬೇಕಾಗಲಿಲ್ಲ.

ಆ ಸಂಸ್ಥಾನದ ಒಳ್ಳೆಯ ಪಾಲು ಹೇಗೆ ಉಳಿಯಬಹುದು ಎಂಬುದಕ್ಕೆ ನಮ್ಮ ಕನ್ನಡದಲ್ಲಿಯೇ ಒಂದು ದಾರಿ ತೆರೆದಿದೆ. ನಿಜಾಮರ ಆಳ್ವಿಕೆಯ ರಾಯಚೂರು ಸೀಮೆಯಲ್ಲಿ ಹುಟ್ಟಿ ಬೆಳೆದ ಶಾಂತರಸರು ಗಜಲನ್ನು ಕನ್ನಡಕ್ಕೆ ತಂದವರಲ್ಲಿ ಪ್ರಮುಖರು. 2006ರಲ್ಲಿ ಬೀದರಿನಲ್ಲಿ ನಡೆದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಅವರ ಮಗಳು ಎಚ್.ಎಸ್. ಮುಕ್ತಾಯಕ್ಕ ಗಜಲನ್ನು ಹೆಣ್ಣಿನ ದನಿಯಲ್ಲಿ ಬರೆದರು. ಒಂದು ಕಾಲದಲ್ಲಿ ಆಳುವವರ ಭಾಷೆಯಲ್ಲಿ ಹೆಣ್ಣನ್ನು ಕುರಿತು ಹಾಡಿದ ಪ್ರಕಾರ, ಈಗ ರೈತರ ಭಾಷೆಯಲ್ಲಿ ಹೆಣ್ಣೇ ಹಾಡುವ ಪ್ರಕಾರವಾಯಿತು. ನಿಜಾಮರ ಕಾಲದ ಕಂದಾಯ ದಾಖಲೆಗಳು ಉರ್ದುವಿನಲ್ಲಿದ್ದು, ಇಂದು ಹೊಲದ ತಕರಾರು ಬಂದಾಗ ಅವುಗಳನ್ನು ಓದಬಲ್ಲವರನ್ನು ಹುಡುಕಿಕೊಂಡು ಹಿಂದೂ ಮುಸ್ಲಿಮರೆನ್ನದೆ ಎಲ್ಲರೂ ಅಲೆಯುತ್ತಾರೆ. ಆ ಲಿಪಿ ಬರಿಯ ಮುಷಾಯರಾದ ಲಿಪಿಯಲ್ಲ, ಉಳುವವರ ಬದುಕೂ ಅದರಲ್ಲಿದೆ ಎಂಬುದು ಕಚೇರಿಯ ಕಟ್ಟೆಯ ಮೇಲೆ ಕುಳಿತ ರೈತನಿಗೆ ಚೆನ್ನಾಗಿ ಗೊತ್ತು.

1948ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ತೊಂಬತ್ತು ಸಮೀಪಿಸುತ್ತಿದೆ. ಬಗದಲ್‌ನಲ್ಲಿ, ಭಾಲ್ಕಿಯ, ಔರಾದಿನ ಹಳ್ಳಿಗಳಲ್ಲಿ ಅಂಥವರು ಬೆರಳೆಣಿಕೆಯಷ್ಟು ಉಳಿದಿರಬಹುದು. ಹವೇಲಿಯ ಕಡೆಯವರೂ ಇದ್ದಾರೆ, ಅದರ ಹೊಲದಲ್ಲಿ ದುಡಿದವರೂ ಇದ್ದಾರೆ. ನಮ್ಮ ಓದುಗರಲ್ಲಿ ಯುವಕರು ಅವರ ಬಳಿ ಕುಳಿತು "ಆ ಜಮಾನಾ ಹೇಗಿತ್ತು" ಎಂದು ಕೇಳುವುದು ಒಳ್ಳೆಯದು. ಕೇಳಿದ ಮೇಲೆ ಇನ್ನೂ ಎರಡು ಪ್ರಶ್ನೆಗಳನ್ನು ಕೇಳಬೇಕು. ಆ ವರ್ಷ ನಿಮ್ಮ ಮನೆಯಿಂದ ಯಾರು ಹೋದರು, ಅವರ ಹೆಸರೇನು? ನಿಮ್ಮ ಮನೆಗೆ ಬಾವಿಯಿಂದ ನೀರು ತರುತ್ತಿದ್ದವರು ಯಾರು, ಅವರ ಹೆಸರೇನು?